ಬಳೆ

ಮಂಡಿ ಮೊಹಲ್ಲಾದ ಖುದ್ದೂಸ್ ಸಾಹೇಬರ ಅಂಗಡಿಯಲ್ಲಿ
ಕಬ್ಬಿಣ ಕೇಳಿದರೆ ಮೊದಲು ಚಹಾ ಬರುತ್ತದೆ.
ಆಮೇಲೆ ಪ್ರಶ್ನೆ: ಎತ್ತೋಕಾ, ಇಳಿಸೋಕಾ?

ಇಳಿಸೋಕೆ, ಅಂದೆ.
ಒಂಟಿಕೊಪ್ಪಲಿನ ಮಳೆಮರ. ಕೊಂಬೆಯ ನೇರ ಕೆಳಗೆ
ಇಸ್ತ್ರಿ ಅಂಗಡಿಯ ತಗಡು,
ಅದಕ್ಕಂಟಿ ಯಾರದೋ ಹೊಸ ಕಾರು.
ದೊಡ್ಡ ಕೊಂಬೆಯೇನಲ್ಲ, ಅರ್ಧ ಮೂಟೆ ರಾಗಿ ತೂಗೀತು.
ದೊಡ್ಡವಕ್ಕೆ ನನ್ನಲ್ಲಿ ದೊಡ್ಡ ಸಾಮಾನಿದೆ;
ಸಣ್ಣವಕ್ಕೂ ಅದನ್ನೇ ಹೊತ್ತು ಹತ್ತಿ
ಸೊಂಟ ಈಗ ಲೆಕ್ಕ ಕೇಳುತ್ತಿದೆ.

ಕೊಂಬೆಗೆ ಸುತ್ತುವ ಕುಣಿಕೆ ಆಗಲೇ ಸಿಕ್ಕಿದೆ,
ಮಡಚಿದರೆ ಕಂಕುಳಲ್ಲಿ ಟವಲಿನಷ್ಟು.
ಅದರ ಬಾಯಿಗೆ ಏನು ಹಾಕಲಿ?

ಸಾಹೇಬರು ಹಳೇ ಪೇಪರು ಹಾಸಿ ಇಟ್ಟರು.
ಉಕ್ಕಿನ ಶಾಕಲ್, ಮುಕ್ಕಾಲು ಕೆಜಿ. ಲಾರಿ ಎಳೆಯುತ್ತೆ, ಅಂದರು.
ಎಳೆಯಲಿ. ಓಡುವ ಹಗ್ಗ ಉಜ್ಜಿ ಉಜ್ಜಿ
ತಿರುಪು ಬಿಚ್ಚಿಕೊಂಡದ್ದು ನೋಡಿದ್ದೇನೆ.
ಹುಣಸೂರು ರಸ್ತೆಯಲ್ಲಿ ಪಿನ್ನು ನನ್ನ ಕಿವಿ ಸವರಿ
ಚರಂಡಿ ಸೇರಿತು.
ಕೊಂಬೆ ಎಲ್ಲಿ ಸೇರಿತು, ಕೇಳಬೇಡಿ.

ಬಾಗಿಲಿರುವ ಕೊಕ್ಕೆ: ಹಗುರ, ಚೆಂದ.
ಆದರೆ ಕವೆಗೆ ಅಡ್ಡ ಬಿದ್ದರೆ ಅದರ ಬಲ ಕಾಲುಪಾಲು.
ಬಾಗಿಲು ಇರುವುದೆಲ್ಲ ಒಂದು ದಿನ ತೆರೆದೀತು.

ಎತ್ತಿನ ಮೂಗುದಾರಕ್ಕೆ ಕಟ್ಟುವ ಬೆಸುಗೆ ಉಂಗುರ, ಹದಿನೈದು ರೂಪಾಯಿ.
ಮೈಮೇಲೆ ಅಂಕಿ ಇಲ್ಲ. ಗಾಯದ ಕಲೆ ಇದೆ.

ಕೊನೆಗೆ ಡಬ್ಬಿಯಿಂದ ತೆಗೆದರು,
ಬೆಸುಗೆ ಇಲ್ಲದ ಅಲ್ಯುಮಿನಿಯಂ ಬಳೆ,
ಒಳಮೈ ನುಣುಪು, ಅಂಚೇ ಇಲ್ಲ, ಅಂಕಿ ಕೆತ್ತಿದೆ.
ಅಂಗೈಲಿಟ್ಟರೆ ಕೋಳಿಮೊಟ್ಟೆಯಷ್ಟೇ.
ನನಗೆ ನಂಬಿಕೆ ಬರಲಿಲ್ಲ.
ಮರ ಹತ್ತಲು ಕಲಿಸಿದ ಪುಟ್ಟಮಾದಯ್ಯ ಹೇಳುತ್ತಿದ್ದ,
ಭಾರ ಇದ್ದರೆ ಭರವಸೆ ಕಣ್ಲಾ.

ಅಲ್ಲಿವರೆಗೂ ಸ್ಟೂಲಿನ ಮೇಲೆ ಸುಮ್ಮನಿದ್ದ ಕೆಂಪಾಜಮ್ಮ
(ಕೆಳಗೆ ನಿಂತು ನನ್ನ ಹಗ್ಗ ಹಿಡಿಯುವವಳು,
ಅದಕ್ಕೂ ಮುಂಚೆ ಹದಿನಾರು ವರ್ಷ
ಪಾಂಡವಪುರದ ಸುತ್ತ ಬಳೆ ಮಲಾರ ಹೊತ್ತವಳು)
ಎದ್ದು ಬಂದಳು. ಉಂಗುರದೊಳಗೆ ಹೆಬ್ಬೆರಳು ಒಂದು ಸುತ್ತು ತಿರುಗಿಸಿದಳು.

"ಸಪೂರ ಬಳೆ ಕೈ ಕೊಯ್ಯುತ್ತೆ, ದಪ್ಪಂದು ಜಾರುತ್ತೆ.
ಹಗ್ಗಕ್ಕೂ ಚರ್ಮ ಐತೆ.
ಭಾರ ಹೊರೋದು ನನ್ನ ಕೈ, ಮೇಲಿರೋದು ದಾರಿ ಬಿಟ್ರೆ ಸಾಕು."

ಆಮೇಲೆ ಚೌಕಾಶಿಗೆ ಇಳಿದಳು.
ಸಾಹೇಬರು ಇನ್ನೊಂದು ಚಹಾ ತರಿಸಿದರು.

ಮಾರನೇ ಬೆಳಿಗ್ಗೆ, ಗರಗಸ ನಿಂತ ಮೇಲೆ,
ಕೊಂಬೆ ಗಾಳಿಯಲ್ಲಿ ಒಮ್ಮೆ ತೂಗಿ
ಯೋಚಿಸಿದಂತೆ ನಿಂತಿತು.
ಕೆಂಪಾಜಮ್ಮ ಹಿಡಿ ಹಿಡಿಯಾಗಿ ಹಗ್ಗ ಬಿಟ್ಟಳು.
ತಗಡಿನ ಕೆಳಗೆ ಇಸ್ತ್ರಿಯವನು
ಯಾರದೋ ಅಂಗಿಯ ಕಾಲರು ತಿರುವಿ ಹಾಕಿದ, ತಲೆ ಎತ್ತಲಿಲ್ಲ.

ಮೇಲೆ ಕವೆಯಲ್ಲಿ ಕೂತು ಉಂಗುರ ಮುಟ್ಟಿದೆ.
ಬೆಚ್ಚಗಿತ್ತು,
ಈಗಷ್ಟೇ ಯಾರೋ ಕೈಯಿಂದ ಬಿಚ್ಚಿಟ್ಟ ಬಳೆಯ ಹಾಗೆ.

ಸಾಹೇಬರಿಗೆ ಇನ್ನೂ ಇನ್ನೂರು ಬಾಕಿ.