ನಾಲ್ಕು ಬೈ ಆರು

ನಿನ್ನ ಮಣ್ಣು ಅಲ್ಲೇ ಆತು,
ಬೆಳ್ಳಟ್ಟಿ ಎರಿಹೊಲದಾಗ, ನಿಮ್ಮಪ್ಪನ ಬದುವಿಗೆ ಹತ್ತಿ.
ನಾನು ಇಲ್ಲೆ, ಝುವಾರಿನಗರದಾಗ.
ನಡುವ ಒಂದು ರಾತ್ರಿ ಬಸ್ಸು, ಒಂದು ಘಟ್ಟ,
ರಜಾ ಕೊಡದ ಕಾಂಟ್ರಾಕ್ಟರ.
ಕುಂತು ಮಾತಾಡಾಕ ಒಂದು ಜಾಗಾ ಬೇಕಾತು, ಫಕೀರವ್ವ.

ಗ್ವಾಡಿಗೂ ಗಟಾರಕ್ಕೂ ನಡುವ ಟೇಪು ಹಿಡಿದೆ:
ನಾಲ್ಕು ಬೈ ಆರು.
ಮೂವತ್ತು ವರ್ಷ ಮಂದಿ ಬಚ್ಚಲಕ್ಕ ಫರಸಿ ಹಾಕಿದ ಕೈ,
ಅಳತಿ ತಪ್ಪಂಗಿಲ್ಲ.
ನೀ ಇದ್ದಿದ್ರ ಅಂತಿದ್ದಿ,
"ಇದು ಕುಣಿ ಅಳತಿ ಅಲ್ಲೇನ, ಖೋಡಿ?"
ಹೌದು, ಅಂದೆ.
ಹತ್ತರ ಯಾರೂ ಇರಲಿಲ್ಲ. ಆದರೂ ಅಂದೆ.

ಕುಂಡಕ್ಕ ರೊಕ್ಕ ಖರ್ಚು ಮಾಡಲಿಲ್ಲ.
ಸೈಟಿನ್ಯಾಗ ಒಡದ ವಾಶ್‌ಬೇಸಿನ್ ಮೂರು,
ಸೀಳಿದ ಕಮೋಡು ಒಂದು,
ಮೂಲಿ ಮುಕ್ಕಾತಂತ ಮಾಲಕರು ಬ್ಯಾಡಂದ ಬಾತ್‌ಟಬ್ಬು.
ಟಬ್ಬಿಗೆ ಬಿಳಿ ತಾಡಪತ್ರಿ ಹೊಚ್ಚಿ
ನಾಲ್ಕು ಮಂದಿ ಹೆಗಲ ಮ್ಯಾಲ ತಂದ್ವಿ.
ದಾರ್ಯಾಗ ಒಬ್ಬ ಮುದುಕ ಸೈಕಲ್ಲಿಂದ ಇಳದು
ಟೊಪಗಿ ತಗದು, ಎದಿ ಮ್ಯಾಲ ಶಿಲುಬಿ ಬರಕೊಂಡ.
ನಮಗ ನಗು ತಡಿಯಲಿಲ್ಲ.
ಮುಂದ ಒಂದು ತಿರುವಿನ್ಯಾಗ ನನ್ನ ನಗು ನಿಂತಿತು.

ಊರಿಂದ ಎರಿಮಣ್ಣು ಒಂದು ಚೀಲ ತಂದಿದ್ದೆ,
ಕಂಡಕ್ಟರ ಅದಕ್ಕೂ ಲಗೇಜು ಹಚ್ಚಿದ.
ಇಲ್ಲಿ ಕೆಂಪು ಮಣ್ಣು ಪುಕಟ.
ಒಂದಕ್ಕ ನಾಲ್ಕರಂಗ ಕಲಸಿದೆ,
ಸಿಮೆಂಟಿಗೆ ಉಸುಕು ಕಲಸಿದಂಗ.
ಬ್ಯಾರೆ ಲೆಕ್ಕ ನನಗ ಬರಂಗಿಲ್ಲ.

ಇನ್ನ ಗಿಡ.
ದೋನಾ ಪಾವ್ಲಾದ ಆ ಬಂಗಲೇದಾಗ
ಹದಿನೇಳು ವರ್ಷ ನೀರು ಹಾಕಿದಿ.
ಸಂಜೀಕ ಗೇಟಿನ್ಯಾಗ ಚೀಲ ತಪಾಸ,
ನೀ ತುರುಬಿನ್ಯಾಗ ಟೊಂಗಿ ಸಿಗಿಸಿಕೊಂಡು ಬರತಿದ್ದಿ.
ಹೆಸರು ಗೊತ್ತಿಲ್ಲದವಕ್ಕ ನೀನ ಹೆಸರಿಟ್ಟಿ:
ಕಾಗದದ ಹೂ, ಹಲ್ಲಿಬಾಲ, ಮೇಡಮ್ಮನ ಸಿಟ್ಟು.
ಎಲ್ಲಾ ನಮ್ಮ ಡಬ್ಬಿಯೊಳಗ ಒಣಗಿದ್ವು.
ನಮ್ಮ ನಳಕ್ಕ ಎರಡು ದಿನಕ್ಕೊಮ್ಮೆ ನೀರು,
ಅದೂ ನೀ ಕೆಲಸಕ್ಕ ಹೋದ ಮ್ಯಾಲ.
ಆ ಡಬ್ಬಿ ಮಾತ್ರ ಒಗಿಯಲಿಲ್ಲ ನೀನು.

ಎಳ್ಳಮಾಸಿ ಮುಂದಿನ ಐತವಾರ
ಇಸ್ತ್ರಿ ಅಂಗಿ ಹಾಕ್ಕೊಂಡು ಗೇಟಿನ ಮುಂದ ನಿಂತೆ.
ಒಂದೆರಡು ಟೊಂಗಿ ಬೇಕಾಗಿದ್ವು,
ಕದ್ದಲ್ಲ, ಈ ಸಲ ಕೇಳಿ.
ಹೊಸಾ ಮಾಲಿ, ಒಡಿಶಾದ ಹುಡುಗ, ಹಿಂದಿಯೊಳಗ ಅಂದ:
ಪಂಪಿನ ಮನಿ ಹಿಂದ ಒಂದು ಸಾಲು ಐತಿ,
ಏನು ಗಿಡ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ,
ಬಿದ್ದ ಬೀಜಕ್ಕ ತಾನ ಏಳತೈತಿ,
ಮೊದಲಿನ ಬಾಯಿ ಹಚ್ಚಿದ್ದು,
ಕೀಳಬ್ಯಾಡ ಅಂದಾರ ಮೇಡಮ್.

ಹೋಗಿ ನೋಡಿದೆ.
ಕೆಂಪು ದಂಟು. ಬೆರಳು ಬಿಚ್ಚಿದಂಥ ಎಲಿ.
ಹಳದಿ ಹೂವು, ನಡುವ ಕಪ್ಪುಗೆಂಪು ಕಣ್ಣು.
ಪುಂಡಿ!
ಪುಂಡಿಪಲ್ಲೆ, ಫಕೀರವ್ವ!
ಅವರ ಮಣ್ಣಾಗ, ಅವರ ನೀರಿಗೆ,
ಅವರ ಗುಲಾಬಿ ಕಣ್ಣು ತಪ್ಪಿಸಿ ಬೆಳದದ್ದು
ವಾರಕ್ಕೆರಡು ದಿನ ನನ್ನ ರೊಟ್ಟಿ ಮಗ್ಗಲಕ ಬರತಿತ್ತು.
"ವಾಸ್ಕೋ ಸಂತ್ಯಾಗ ಸಸ್ತಾ ಸಿಕ್ಕಿತು" ಅಂತಿದ್ದಿ.
ಗೇಟಿನವ ಕಳೆ ಅಂತ ತಿಳಿದು ಬಿಟ್ಟುಬಿಡತಿದ್ನಂತ.
ಹದಿನೇಳು ವರ್ಷ ಉಂಡೇನಿ.
ಒಂದಿನ ಕೇಳಲಿಲ್ಲ, ಯಾವ ಸಂತಿ, ಎಷ್ಟು ಕೊಟ್ಟಿ ಅಂತ.

ಟೊಂಗಿ ಬೇಡಲಿಲ್ಲ.
ಒಣಗಿದ ಕಾಯಿ ಕಿಸೆ ತುಂಬ ತುಂಬಕೊಂಡೆ,
ಸುಂಕಿಗೆ ದಾರಿ ತುಂಬ ತೊಡಿ ತುರಿಸಿತು.

ಈಗ ಟಬ್ಬಿನ್ಯಾಗ ಮೊಣಕಾಲಮಟ ಎದ್ದೈತಿ,
ಬೇಸಿನ್ನಿನ್ಯಾಗೂ, ಕಮೋಡಿನ್ಯಾಗೂ.
ಓಣಿ ಹುಡುಗರು ನಗತಾವ, ನಗಲಿ.
ನಿನ್ನ ಹೆಸರು ಕೆತ್ತಾಕಂತ
ಒಂದು ಬಿಳಿ ಫರಸಿ ಕೊಯ್ದಿಟ್ಟಿದ್ದೆ, ಅಂಚು ನುಣ್ಣಗ ಉಜ್ಜಿ.
ಅದರ ಮ್ಯಾಲ ಬಳ್ಳೊಳ್ಳಿ ಜಜ್ಜಿದೆ ಇವತ್ತ.

ಮೊದಲನೇ ಪಲ್ಲೆ.
ಓಣಿ ಹೆಂಗಸರು ವಾಟಗ ಹಿಡಕೊಂಡು ಬಂದು ಒಯ್ದ್ರು,
ಚಲೋ ಆಗೇತಿ ಕಾಕಾ ಅಂದ್ರು.
ಉಪ್ಪು ಹೆಚ್ಚಾಗಿತ್ತು.
ನೀ ಹೇಳತಿದ್ದಿ.