ನಡುವಿನ ಸೀಟು

ಸೊಹಾರಿನಿಂದ ಬೆಟ್ಟದ ಕಡೆಗೆ, ವಾದಿಯ ಅಂಚಿಗೆ ಖರ್ಜೂರದ ತೋಟ.
ಡಿಸೆಂಬರಿನ ಗುರುವಾರ ರಾತ್ರಿ, ಟಾರ್ಚು ಕಚ್ಚಿಕೊಂಡು
ಬಟ್ಟೆಯ ಬ್ಯಾನರು ಕಟ್ಟುತ್ತಿದ್ದೇವೆ:
ಯುವ ಸಂವಾದ ಶಿಬಿರ, ಒಂಬತ್ತನೇ ವರ್ಷ.
ಹೊಲಿದವರು ಟೈಲರ್ ಇದ್ದಿನಬ್ಬ.
ಏಣಿ ಹತ್ತಿದವರು ಬಂದರಿನ ಕ್ರೇನಿನ ದೂಮಣ್ಣ.
ಇಬ್ಬರೂ ಮಾತು ಬಿಟ್ಟು ಆರು ವರ್ಷ.

"ಗಿಲ್ಬರ್ಟಾ, ಅವರಿಗೆ ಹೇಳು, ಎಡಗಡೆ ತಗ್ಗಿದೆ."
"ಗಿಲ್ಬರ್ಟಾ, ಅವರಿಗೆ ಹೇಳು, ಮರವೇ ಹಾಗಿರುವುದು."
ಹೇಳುತ್ತೇನೆ.
ಇಬ್ಬರ ನಡುವೆ ಎರಡು ಮಾರು ದೂರವಿಲ್ಲ.
ಪೇಂಟ್ ಅಂಗಡಿಯಲ್ಲಿ ಡಬ್ಬಿ ಲೆಕ್ಕ ಬರೆಯುವವನು ನಾನು,
ಇಲ್ಲಿ ಮಾತಿನ ಆವಕ ಜಾವಕ.

ಆದದ್ದು ಇಷ್ಟೇ.
ಊರಲ್ಲಿ ಗಲಾಟೆ, ಮೂರು ದಿನ ಕರ್ಫ್ಯೂ.
ಇದ್ದಿನಬ್ಬರ ಮನೆಯ ಫೋನು ಯಾರೂ ಎತ್ತಲಿಲ್ಲ,
ದೂಮಣ್ಣನ ತಂಗಿಯ ಮಗನ ತಲೆಗೆ ಹನ್ನೊಂದು ಹೊಲಿಗೆ.
ಟೈಲರ್ ಅಂಗಡಿಯ ಬೆಂಚಿನ ಮೇಲೆ, ಚಾ ಆರುವ ಮೊದಲು,
ಒಬ್ಬರ ಬಾಯಿಂದ ಬಿತ್ತು:
ನಿಮ್ಮವರು.
ಯಾರ ಬಾಯಿಂದ ಎಂದು ನಾನು ಹೇಳುವುದಿಲ್ಲ.
ಇನ್ನೊಬ್ಬರು ಅದನ್ನೇ ಹೆಕ್ಕಿ ತಿರುಗಿ ಎಸೆದರು.
ಹದಿನಾರು ವರ್ಷ ಒಂದೇ ರೂಮು, ಒಂದೇ ಕುಕ್ಕರು,
ಒಂದೇ ಸಾಬೂನು ತೆಳ್ಳಗಾಗುವವರೆಗೆ.
ಶಬ್ದ ಸಣ್ಣದು. ಮೀನಿನ ಮುಳ್ಳೂ ಸಣ್ಣದೇ.

ಆದರೆ ಶಿಬಿರ ಮಾತ್ರ ಇಬ್ಬರೂ ಬಿಡಲಿಲ್ಲ.
ಯಾಕೆ ಎಂದರೆ ದೂಮಣ್ಣ: "ಮಕ್ಕಳದ್ದು ಬೇರೆ, ಮಾರಾಯ."
ಇದ್ದಿನಬ್ಬ: "ಜಾಗಕ್ಕೆ ಅಡ್ವಾನ್ಸು ಕೊಟ್ಟಾಗಿದೆ."
ಆರು ವರ್ಷವೂ ಅದೇ ಅಡ್ವಾನ್ಸು.

ಶುಕ್ರವಾರ ನಲವತ್ತಮೂರು ಮಕ್ಕಳು, ಮೂರು ಶಾಲೆ, ಐದು ಭಾಷೆ.
ಜುಮ್ಮಾ ಹೊತ್ತಿಗೆ ಬಸ್ಸನ್ನು ನೆರಳಿಗೆ ತಂದು
ಬಾಗಿಲು ತೆರೆದಿಟ್ಟು ಕಾಯುವವರು ದೂಮಣ್ಣ.
ಶನಿವಾರ ದೂಮಣ್ಣನಿಗೆ ಮೀನಿಲ್ಲ.
ಬೆಳಿಗ್ಗೆಯೇ ಒಂದು ಹೊಸ ಸೌಟು ತೊಳೆದು
ಸಾರಿನ ಪಾತ್ರೆಯ ಮೇಲೆ ಅಡ್ಡ ಇಡುವವರು ಇದ್ದಿನಬ್ಬ.
ಇದನ್ನು ಯಾರೂ ಯಾರಿಗೂ ಹೇಳಿಲ್ಲ,
ನನ್ನ ಮೂಲಕವೂ ಇಲ್ಲ.

ತೋಟದ ಯಜಮಾನ ಖಲ್ಫಾನ್ ಅಜ್ಜ ಮಕ್ಕಳಿಗೆ ಫಲಜ್ ತೋರಿಸಿದ:
ಬೆಟ್ಟದಿಂದ ಇಳಿವ ನೀರ ಕಾಲುವೆ,
ಕಲ್ಲು ಸರಿಸಿದರೆ ಪಕ್ಕದ ತೋಟದ ಪಾಳಿ.
"ಜಗಳ ಆಗುವುದಿಲ್ಲವಾ?" ಕೇಳಿತೊಂದು ಪೋಕರಿ.
ಅಜ್ಜನ ಉತ್ತರ ಕನ್ನಡಕ್ಕೆ ತಂದವನು ನಾನೇ:
"ಆಗುತ್ತದೆ. ಆದರೂ ಕಲ್ಲು ಸರಿಸಲು ಇಬ್ಬರೂ ಬರುತ್ತಾರೆ."
ಅಡುಗೆ ಮರೆಯಲ್ಲಿ ಈರುಳ್ಳಿ ಕೊಚ್ಚುವ ಸದ್ದು
ಒಂದು ಕ್ಷಣ ನಿಂತು
ಮತ್ತೆ ಶುರುವಾಯಿತು. ಅಷ್ಟೇ.

ಸಂಜೆ ಕೊನೆಯ ವೃತ್ತ.
ಅಫ್ರಾ ಎಂಬ ಹುಡುಗಿ, ಹಲ್ಲಿಗೆ ತಂತಿ, ಎದ್ದು ನಿಂತಳು:
"ಹಿಂದೆ ಕೆಲಸ ಮಾಡಿದವರೂ ಬರಲಿ."
ಎಳೆದು ತಂದರು. ಸೌಟಿನೊಂದಿಗೇ ಬಂದರು ಒಬ್ಬರು,
ಗ್ರೀಸಿನ ಕೈ ಬೆನ್ನ ಹಿಂದಿಟ್ಟು ಇನ್ನೊಬ್ಬರು.
ಅವಳು ಚೀಟಿ ಓದಿದಳು:
ಒಪ್ಪದವರ ಜೊತೆ ನೀವು ಕೊನೆಗೆ ಮಾತಾಡಿದ್ದು ಯಾವಾಗ?

ಜನರೇಟರಿನ ಗುಡುಗುಡು.
ದೂಮಣ್ಣ ಕೆಮ್ಮಿದರು.
ಇದ್ದಿನಬ್ಬರು ಬ್ಯಾನರು ನೋಡಿದರು, ಎಡಗಡೆ.
"ಗಿಲ್ಬರ್ಟಾ," ಎಂದು ಇಬ್ಬರೂ ಒಟ್ಟಿಗೆ ಶುರುಮಾಡಿದಾಗ
ಮಕ್ಕಳು ಗೊಳ್ಳೆಂದು ನಕ್ಕವು.
ನಗು ಬರಲಿಲ್ಲ ನನಗೆ.
ಆರು ವರ್ಷ ಅವರಿಗೆ ಮಾತು ಬೇಡವಾದದ್ದು
ನಾನು ಇದ್ದದ್ದಕ್ಕೆ.

ರಾತ್ರಿ ವಾಪಸು. ಮಕ್ಕಳ ಬಸ್ಸಿಗೆ ಶಾಲೆಯ ಡ್ರೈವರು.
ನಾವು ಮೂವರು ಪಿಕಪ್ಪಿನಲ್ಲಿ, ಹಿಂದೆ ಪಾತ್ರೆಗಳ ಟಣಟಣ.
ಸ್ಟಿಯರಿಂಗಿಗೆ ದೂಮಣ್ಣ, ಕಿಟಕಿಗೆ ಇದ್ದಿನಬ್ಬ,
ಗೇರಿನ ಕೋಲು ಮೊಣಕಾಲಿಗೆ ಒತ್ತುತ್ತ ನಡುವೆ ನಾನು.
ಟಾರು ರಸ್ತೆ ಸಿಕ್ಕ ಕೂಡಲೇ ಕಣ್ಣು ಮುಚ್ಚಿದೆ.
ಬಾಯಿ ಸ್ವಲ್ಪ ತೆರೆದಿಟ್ಟೆ, ನಂಬಲಿ ಎಂದು.

"ಗಿಲ್ಬರ್ಟಾ..."
ಮಲಗಿದ್ದೇನೆ.
"ಮಲಗಿತಲ್ಲ ಇದು."

ಒಂದು ರೌಂಡಬೌಟು ಹೋಯಿತು.
ಇನ್ನೊಂದು.
ಪೆಟ್ರೋಲ್ ಪಂಪಿನ ಬೆಳಕು ರೆಪ್ಪೆಯ ಮೇಲೆ ಕೆಂಪಗೆ ಹಾದು ಹೋಯಿತು.

"ಸ್ಪೇರ್ ಟಯರಿಗೆ ಗಾಳಿ ಹಾಕಿಸಿದ್ದೀಯಾ?"
ಬಹಳ ಹೊತ್ತು.
"ಹ್ಞೂಂ. ನಿನ್ನೆಯೇ."

ಕುತ್ತಿಗೆ ಹಿಡಿದುಕೊಂಡಿತ್ತು, ಮೂಗಿನ ಮೇಲೆ ಸೊಳ್ಳೆ.
ಸೊಹಾರ್ ಬರುವ ತನಕ
ನಾನು ಏಳಲಿಲ್ಲ.