ಹಾಳೆ ಹತ್ತೊಂಬತ್ತು

ಹಳದಿ ಅಂದರೆ ವಾಸ, ನೀಲಿ ವ್ಯಾಪಾರ,
ನೇರಳೆ ಕಾರ್ಖಾನೆ, ಕೆಂಪು ಶಾಲೆ ಆಸ್ಪತ್ರೆ ಕಚೇರಿ.
ಹಸುರು ಎರಡು ಬಗೆ: ಒಂದು ಪಾರ್ಕು,
ಇನ್ನೊಂದು ಸದ್ಯಕ್ಕೆ ಬಿಟ್ಟಿರುವುದು.
ಇಪ್ಪತ್ತೆಂಟು ವರ್ಷ ಇದೇ ಬಣ್ಣ ಬಳಿದೆ ಈ ಊರಿಗೆ,
ಮೊದಲು ಕುಂಚ ಅದ್ದಿ, ಈಗ ಮೌಸು ಒತ್ತಿ.
ಮಹಾಯೋಜನೆ, ಪರಿಷ್ಕೃತ ಕರಡು.
ಉಪಗ್ರಹದ ಚಿತ್ರ ಹಿಡಿದು ಬಂದ ಪುಣೆಯ ಹುಡುಗರಿಗೆ
ಜಪ್ಪಿನಮೊಗರು ಅನ್ನಲು ನಾಲಗೆ ಹೊರಳದು,
ಜೆ.ಪಿ.ಎಂ. ಎಂದು ಬರೆದುಕೊಂಡಿದ್ದಾರೆ.
ಒಳ್ಳೆಯ ಹುಡುಗರೇ. ಗೋಳಿಬಜೆ ಅಂದರೆ ಪ್ರಾಣ,
ಮಾರಾಯ ಅನ್ನುವುದನ್ನು ಎರಡೇ ದಿನಕ್ಕೆ ಕಲಿತರು.

ಆಕ್ಷೇಪಣೆಗೆ ಮೂವತ್ತು ದಿನ.
ಮೊದಲ ವಾರ ಬಂದವರು ವಕೀಲರಿದ್ದವರು:
ರಸ್ತೆ ಅಗಲವಾಗಲಿ, ಬೇಡ ಅನ್ನಲಿಲ್ಲ,
ಎದುರು ಮನೆಯ ಕಾಂಪೌಂಡಿನ ಕಡೆಯಿಂದ ಆಗಲಿ.
ಬೋಳಾರದ ಪ್ರೆಸಿಲ್ಲಾ ಲೋಬೊ ಬಂದರು,
ತನ್ನ ಬಾವಿ ನಕ್ಷೆಯಲ್ಲಿಲ್ಲ ಎಂದು.
ಬಾವಿಗೆ ಬಣ್ಣವಿಲ್ಲ ಬಾಯಮ್ಮ, ಎಂದೆ.
"ಏಪ್ರಿಲಿನಲ್ಲಿ ಇಡೀ ಓಣಿ ಬರುತ್ತದಲ್ಲ
ಕೊಡಪಾನ ಹಿಡಿದು, ಅದಕ್ಕೆ ಯಾವ ಬಣ್ಣ?"
ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಕೊನೆಯ ದಿನ, ಊಟಕ್ಕೆ ಏಳುವ ಹೊತ್ತು,
ದೂಮಪ್ಪ ಪುತ್ರನ್, ತೋಟ ಬೆಂಗ್ರೆ.
ದೋಣಿ ದಾಟಿ, ಬಸ್ಸು ಬದಲಿಸಿ,
ಅಂಗಿಯೊಳಗಿಂದ ತೆಗೆದರು
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ತೀರ್ವೆ ರಶೀದಿ.
ಹಾಳೆ ಹತ್ತೊಂಬತ್ತನ್ನು ಮೇಜಿಗೆ ಹಾಸಿದೆ.
ನಾಲ್ಕು ಮೂಲೆಗೆ ಸ್ಟೇಪ್ಲರು, ಬುತ್ತಿ,
ಸೀಲಿನ ಡಬ್ಬಿ, ನನ್ನ ಕೈ.
ನಡುವೆ ಒಂದು ಮರಳ ನಾಲಗೆ,
ಮೂಡಕ್ಕೆ ಹೊಳೆ, ಪಡುವಕ್ಕೆ ಕಡಲು.
"ಇದು ಯಾವಾಗಿನ ಬೆಂಗ್ರೆ?" ಎಂದರು.
ಎಲ್ಲಿಯದು ಎಂದಲ್ಲ.
ಯಾವಾಗಿನದು.

ಉಪ್ಪಿಗೆ ಬಿರಿದ ಬೆರಳು
ನಾವು ಬಿಳಿ ಬಿಟ್ಟ ಕಡಲಿನ ಮೇಲೆ ನಿಂತಿತು.
"ಇದು ನಮ್ಮಜ್ಜಿ ಮೀನೊಣಗಿಸುತ್ತಿದ್ದ ಜಾಲು.
ಅದರಾಚೆ ಗಾಳಿಮರದ ಸಾಲು.
ಈಗ ಎರಡಾಳು ನೀರು.
ತೀರ್ವೆ ಮಾತ್ರ ದಡದಲ್ಲೇ ಇದೆ, ಕಟ್ಟುತ್ತಿದ್ದೇನೆ."
ಬೆರಳು ತೆಂಕಿಗೆ ಜಾರಿತು, ಅಳಿವೆ ಬಾಗಿಲಿನ ಕಡೆ.
"ಇಲ್ಲಿ ಹೊಸ ಮರಳು ಬಿದ್ದು ಹತ್ತು ವರ್ಷ.
ಮಕ್ಕಳು ವಾಲಿಬಾಲ್ ಆಡುತ್ತಾರೆ.
ನೀವು ನೀಲಿ ಕೊಟ್ಟಿದ್ದೀರಿ, ಹೋಟೆಲು ಬರುತ್ತದಂತೆ.
ಬರಲಿ, ನನ್ನ ತಕರಾರಿಲ್ಲ.
ಆ ಮರಳು ಅಲ್ಲೇ ಕೂತಿರುತ್ತದೆ ಅಂತ
ನಿಮಗೆ ಯಾರು ಹೇಳಿದ್ದು?"

ಏನಂತೆ, ಎಂದು ಕೇಳಿದ ಪುಣೆಯ ಹುಡುಗ.
ಎರಡಾಳು ನೀರಿಗೆ ಹಿಂದಿ ಸಿಗಲಿಲ್ಲ,
ತಲೆಯ ಮೇಲೆ ಕೈಯೆತ್ತಿ ತೋರಿಸಿದೆ.
ಸ್ವೀಕೃತಿ ಸಂಖ್ಯೆ ನಾನೂರ ಹದಿನೇಳು.
ಸೀಲು ಹಾಕಿಸಿಕೊಂಡು ಹೋದರು,
ರಶೀದಿಯನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿ.

ಸಂಜೆ ಬಸ್ಸಿನ ಕಿಟಕಿಯಲ್ಲಿ ಬೋರ್ಡು ಓದುತ್ತ ಬಂದೆ.
ಕೊಡಿಯಾಲ್‌ಬೈಲ್. ಬೈಲೆಲ್ಲಿ?
ಹದಿನಾಲ್ಕು ಮಹಡಿ ಹಳದಿ, ನಾನೇ ತುಂಬಿದ್ದು.
ಆಟಿಯ ನೀರು ಈ ಬೋರ್ಡು ಓದಿಕೊಂಡೇ ಬರುತ್ತದೇನೋ,
ನೆಂಟರಂತೆ ನೇರ ಇಳಿಯುತ್ತದೆ
ಕೆಳಗಿನ ಪಾರ್ಕಿಂಗಿಗೆ.
ಅಮ್ಮನಿಗೆ ಮೂರೇ ವಲಯ ಗೊತ್ತಿದ್ದದ್ದು,
ಬೈಲು, ಮಜಲು, ಬೆಟ್ಟು.
ಇಲ್ಲಿ ಏನು ಕಟ್ಟುತ್ತೀ ಎಂದು ಕೇಳಿದವಳಲ್ಲ ಅವಳು,
ನೀರು ಎಷ್ಟು ದಿನ ನಿಲ್ಲುತ್ತದೆ ಎಂದು ಕೇಳುವಳು.
ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ
ಅವಳನ್ನು ಆಫೀಸಿಗೆ ಕರೆತರಲಿಲ್ಲ ನಾನು.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ
ಹಾಳೆ ಹತ್ತೊಂಬತ್ತು ತೆರೆದು
ಕಡಲಂಚಿನ ಗಟ್ಟಿ ಗೆರೆಯನ್ನು
ತುಂಡು ತುಂಡು ಮಾಡಿದೆ.
ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: ಅಂದಾಜು.

ಹತ್ತು ಗಂಟೆಗೆ ಹುಡುಗ ಕರೆದ.
ಗೆರೆ ಕೂಡುತ್ತಿಲ್ಲ ಮೇಡಂ,
ಕ್ಷೇತ್ರಫಲ ಬರುತ್ತಿಲ್ಲ.
ಮೂರು ಸಲ ಒತ್ತಿ ನೋಡಿದ.
ಬರುವುದಿಲ್ಲ ಮಾರಾಯ, ಅಂದೆ,
ಮೊದಲು ಚಾ ಕುಡಿ.